ಮಳೆಗಾಲದಲ್ಲೂ ನೀರಲ್ಲೇ ಇರುವ ನನ್ನ ಹಂಚುಗಳು

ಮೂಲ್ಕಿಯ ಅಳಿವೆಯಲ್ಲಿ ನಾನು ನೀಲಿಕಲ್ಲು, ಅಂದರೆ ತಿನ್ನುವ ಹಸಿರು ಚಿಪ್ಪಿನ ಮಸ್ಸೆಲ್, ಬೆಳೆಸುತ್ತೇನೆ. ಮಳೆ ನಿಂತು ಶಾಂಭವಿ ಹೊಳೆಯ ನೀರಿಗೆ ಮತ್ತೆ ಉಪ್ಪು ಏರಿದ ಮೇಲೆ ಮರಿಗಳನ್ನು ತಂದು, ನೈಲಾನ್ ಹಗ್ಗದ ಸುತ್ತ ಹತ್ತಿಯ ಸೊಳ್ಳೆಪರದೆ ಬಟ್ಟೆಯಲ್ಲಿ ಕಟ್ಟಿ, ಗಾಳಿಮರದ ಕಂಬಗಳಿಂದ ಇಳಿಬಿಡುತ್ತೇನೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿಗಳು ತಮ್ಮ ನಾರಿನಿಂದಲೇ ಹಗ್ಗವನ್ನು ಹಿಡಿದಿರುತ್ತವೆ. ಮುಂಗಾರಿಗೆ ಮೊದಲು ಕೊಯ್ಲು ಮುಗಿಯಲೇಬೇಕು. ನೆರೆಯ ಸಿಹಿನೀರನ್ನು ನೀಲಿಕಲ್ಲು ತಾಳುವುದಿಲ್ಲ.

ಕೇರಳದ ಹಿನ್ನೀರುಗಳಲ್ಲಿ ನೀಲಿಕಲ್ಲಿನಂಥದ್ದೇ ಹೊರಗಿನ ಚಿಪ್ಪುಜೀವಿ ಚಾರು ಮಸ್ಸೆಲ್ ಹಬ್ಬಿದ ಸುದ್ದಿ ಕೇಳಿದಾಗ ನನಗೆ ಆತಂಕವಾದದ್ದು ಇದೇ ಕಾರಣಕ್ಕೆ. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಇದರ ವೈಜ್ಞಾನಿಕ ಹೆಸರು ಮೈಟೆಲ್ಲಾ ಸ್ಟ್ರೈಗೇಟಾ. ಸಾವಿರಕ್ಕೆ 2 ಪಾಲು ಉಪ್ಪಿರುವ ನೀರಿನಿಂದ 40 ಪಾಲಿನವರೆಗೂ, ಬದಲಾವಣೆ ನಿಧಾನವಾಗಿದ್ದರೆ, ಅದು ಬದುಕಬಲ್ಲದು. ಅಂದರೆ ನಮ್ಮ ಬೆಳೆಯನ್ನು ವರ್ಷವರ್ಷವೂ ನಿಲ್ಲಿಸುವ ಮಳೆ ಅದನ್ನು ನಿಲ್ಲಿಸುತ್ತದೆಂದು ನಂಬಿ ಕೂರುವಂತಿಲ್ಲ. ನಾವು ಹಗ್ಗ ಎತ್ತಿ ಮನೆಗೆ ಬರುವ ಹೊತ್ತಿಗೇ ಅದಕ್ಕೆ ಅಳಿವೆಯಲ್ಲಿ ಖಾಲಿ ಜಾಗ ಸಿಗುತ್ತದೆ.

ಹಾಗಾಗಿ ಕೊಯ್ಲಾದ ಮೇಲೂ ಕೆಲವು ಕಂಬಗಳಲ್ಲಿ ಮಂಗಳೂರು ಹಂಚಿನ ತುಂಡು, ಹಳೆ ಹಗ್ಗದ ಚೂರು, ಮರದ ಹಲಗೆ ಕಟ್ಟಿ ಬಿಡಲು ಶುರುಮಾಡಿದೆ. ಪ್ರತಿ ಜಾಗದಲ್ಲೂ ಜೋಡಿ: ಒಂದು ತೆರೆದದ್ದು, ಇನ್ನೊಂದು ಸಣ್ಣ ಕಣ್ಣಿನ ಬಲೆಯೊಳಗೆ. ಬಲೆಯೊಳಗಿನ ಹಂಚಿನ ಮೇಲೆ ಮರಿ ತುಂಬಿ, ತೆರೆದದ್ದು ಬೋಳಾಗಿದ್ದರೆ ಏಡಿ, ಮೀನುಗಳು ತಿಂದು ಹೋಗಿವೆ ಎಂದು ಊಹಿಸಬಹುದು. ಹೊಸ ಚಿಪ್ಪು ಬಂದರೆ ಇಲ್ಲಿನ ಬಾಯಿಗಳು ಅದನ್ನು ತಿನ್ನುತ್ತವೆಯೋ ಇಲ್ಲವೋ ಎಂಬುದೇ ಮೊದಲ ಪ್ರಶ್ನೆ. ಅದಕ್ಕೆ ಇದಕ್ಕಿಂತ ಅಗ್ಗದ ದಾರಿ ನನಗೆ ತೋಚಿಲ್ಲ.

ಒಂದು ಸಲ ಹಲಗೆಯ ಸಂದಿಯಲ್ಲಿ ಕಪ್ಪು-ಕಂದು ಬಣ್ಣದ ಗೊಂಚಲು ಸಿಕ್ಕಿತು. ಎದೆ ಝಲ್ಲೆಂದಿತು. ಒಂದನ್ನು ತೊಳೆದು ಹಗಲು ಬೆಳಕಿನಲ್ಲಿ ಹಿಡಿದೆ. ನೀಲಿಕಲ್ಲಿನ ಮರಿಯಾದರೆ ಅಂಚಿನಲ್ಲಿ ಹಸಿರು ಹೊಳೆಯಬೇಕು, ಇದರಲ್ಲಿ ಇಲ್ಲ. ಚಿಪ್ಪಿನ ಹಿಂಭಾಗಕ್ಕೆ ಒರಟು ರೋಮ ಅಂಟಿತ್ತು, ಮೂತಿಯ ಗುಬುಟು ತುದಿಯಲ್ಲಿರದೆ ಸ್ವಲ್ಪ ಹಿಂದಕ್ಕಿತ್ತು. ಚಾಕುವಿನಿಂದ ಬಿಡಿಸಿ ಒಳಗೆ ನೋಡಿದೆ. 1960ರ ದಶಕದಲ್ಲೇ ವಿಶಾಖಪಟ್ಟಣಕ್ಕೆ ಬಂದಿದ್ದ ಕೆರಿಬಿಯನ್ ಮೂಲದ ಇನ್ನೊಂದು ಚಿಪ್ಪುಜೀವಿ ಮೈಟಿಲಾಪ್ಸಿಸ್ ಆಗಿದ್ದರೆ ಗುಬುಟಿನ ಒಳಬದಿಯಲ್ಲಿ ಪುಟ್ಟ ತಟ್ಟೆಯಂಥ ಅಡ್ಡಗೋಡೆ ಇರುತ್ತದೆ. ಅದೂ ಇರಲಿಲ್ಲ. ಆದರೂ ಕೆಲವನ್ನು ಸ್ಪಿರಿಟ್‌ನಲ್ಲಿ ಹಾಕಿ, ಜಾಗ ಮತ್ತು ತಾರೀಕು ಬರೆದ ಚೀಟಿಯೊಂದಿಗೆ ಬಲ್ಲವರಿಗೆ ತಲುಪಿಸಿದೆ. ಚಾರು ಅಲ್ಲ, ನಮ್ಮಲ್ಲೇ ಇರುವ ಮೋಡಿಯೋಲಸ್ ಎಂಬ ಮಸ್ಸೆಲ್ ಜಾತಿ ಎಂಬ ಉತ್ತರ ಬಂತು.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ನಾನು ಎರಡು ಗಾಜಿನ ಭರಣಿ ತೋರಿಸುತ್ತೇನೆ. ಎರಡರಲ್ಲೂ ಹೊಳೆಯ ಕದಡು ನೀರು, ಒಂದರಲ್ಲಿ ಮಾತ್ರ ನಾಲ್ಕಾರು ನೀಲಿಕಲ್ಲು. ಊಟ ಮುಗಿಸಿ ಬರುವಷ್ಟರಲ್ಲಿ ಆ ಭರಣಿ ತಿಳಿಯಾಗಿರುತ್ತದೆ, ತಳದಲ್ಲಿ ಲೋಳೆ ಕೂಡಿದ ಕೆಸರಿನ ಎಳೆಗಳು. ಜನ ‘ನೀರು ಶುದ್ಧವಾಯಿತು’ ಅನ್ನುತ್ತಾರೆ. ನಾನು ಹೇಳುವುದು, ಅದರಲ್ಲಿದ್ದ ಊಟ ಖಾಲಿಯಾಯಿತು ಎಂದು. ಸಿಗಡಿ, ಮೀನುಗಳ ಮರಿ ಮತ್ತು ಅವು ತಿನ್ನುವ ಸೂಕ್ಷ್ಮಜೀವಿಗಳು ಬದುಕುವುದು ನೀರಲ್ಲಿ ತೇಲುವ ಆ ಸಣ್ಣ ಪಾಚಿಯ ಹಸಿರಿನಿಂದಲೇ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಆದದ್ದು ಇದೇ. 1986ರಲ್ಲಿ ಅಲ್ಲಿ ಏಷ್ಯಾದ ಒಂದು ಸಣ್ಣ ಮರುವಾಯಿ (ಕೆಸರಲ್ಲಿ ಹುದುಗಿ ಬದುಕುವ ಚಿಪ್ಪುಜೀವಿ) ಜಾತಿ, ಪೊಟಮೊಕಾರ್ಬುಲಾ, ಮೊದಲ ಸಲ ಕಂಡಿತು. ಬೆನ್ನಿಗೇ ಕೊಲ್ಲಿಯ ಉತ್ತರ ಭಾಗದಲ್ಲಿ ಬೇಸಿಗೆಯ ಪಾಚಿ ಏಳುವುದೇ ನಿಂತಿತು, ಅದನ್ನು ತಿನ್ನುತ್ತಿದ್ದ ಜೀವಿಗಳು ಕುಸಿದವು, ಆಂಚೊವಿ ಮೀನು ಉಪ್ಪು ಹೆಚ್ಚಿರುವ ಕಡೆಗೆ ಸರಿಯಿತು. ನಮ್ಮ ನೀಲಿಕಲ್ಲೂ ಬೇರೆ ಊರಿಗೆ ಹೋದಾಗ ಉಪದ್ರವವೇ: 1999ರಲ್ಲಿ ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ವಿದ್ಯುತ್ ಸ್ಥಾವರದ ನೀರಿನ ಕೊಳವೆಗಳಲ್ಲಿ ಅದು ಸಿಕ್ಕಿತು.

ಹಗ್ಗ ಮಾತ್ರ ನೋಡಿದರೆ ಸಾಲದು. ಇಳಿತದ ಹೊತ್ತಿಗೆ ಚಪ್ಪರದ ಕೆಳಗಿನ ಕೆಸರನ್ನು ಬುಟ್ಟಿಯಲ್ಲಿ ಎತ್ತಿ ಜಾಲಿಸುತ್ತೇನೆ, ಮರುವಾಯಿ ಜೀವಂತ ಇವೆಯೇ ಎಂದು. ಚಾರು ಮಸ್ಸೆಲ್ ಕೆಸರಿನ ಮೇಲೂ ಒಂದಕ್ಕೊಂದು ನಾರು ಹೆಣೆದು ಚಾಪೆಯಂತೆ ಹರಡುತ್ತದೆ. ಅಡಿಯಲ್ಲಿ ಸಿಕ್ಕ ಮರುವಾಯಿಗೆ ಉಸಿರಾಡಲು ಕೊಳವೆ ಮೇಲೆ ಚಾಚುವುದೂ ಕಷ್ಟ. ಮರುವಾಯಿ ಹೆಕ್ಕಿಯೇ ಸಂಸಾರ ನಡೆಸುವ ಹೆಂಗಸರು ನಮ್ಮ ಅಳಿವೆಯಲ್ಲಿ ಎಷ್ಟೋ ಮಂದಿ. ಪೆಟ್ಟು ಮೊದಲು ಬೀಳುವುದು ಅವರ ಬುಟ್ಟಿಗೆ.

ದೂರದಿಂದ ಬರುವ ಮರಿಯನ್ನು ಈಗ ನಾನು ಕೊಳ್ಳುವುದಿಲ್ಲ, ಅದರ ಜೊತೆ ಚಾರುವಿನ ಮರಿಯೂ ಬಂದೀತೆಂಬ ಭಯ. ಇನ್ನೊಂದು ಚಿಂತೆ ದೋಣಿಗಳದ್ದು, ಅವುಗಳ ತಳಕ್ಕೆ ಅಂಟಿಯೂ ಅದು ಬರಬಹುದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಮಲ್ಪೆಯಲ್ಲೂ ಮಂಗಳೂರಲ್ಲೂ ದೋಣಿ ದಡಕ್ಕೆಳೆದು ತಳ ಕೆರೆದು ಬಣ್ಣ ಬಳಿಯುವ ಕಾಲ. ಕೆರೆದು ತೆಗೆದ ಚಿಪ್ಪನ್ನು ಗುಡಿಸಿ ನೀರಿಗೇ ತಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಗೋಣಿಯಲ್ಲಿ ತುಂಬಿ ದಡದಿಂದ ದೂರ ಒಣಗಿಸಿ ಹೂಳಿ ಎಂದು ಪರಿಚಯದ ದೋಣಿಯವರಿಗೆ ಹೇಳುತ್ತಾ ಬಂದಿದ್ದೇನೆ. ಕೆಲವರು ಹಾಗೆ ಮಾಡುತ್ತಿದ್ದಾರೆ, ಹೂಳುವ ಮೊದಲು ನನ್ನನ್ನು ಕರೆದು ಗೋಣಿ ತೆರೆದು ತೋರಿಸುತ್ತಾರೆ.