‘ಅಕ್ಕ’ ಬಂದಾಗಲೆಲ್ಲ ಕೈಕೊಡುತ್ತಿದ್ದ ಕೋಡ್

ಕನ್ನಡ ಪದಗಳ ಕಾಗುಣಿತ ನೋಡುವ ಒಂದು ಪುಟ್ಟ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ಪ್ರಾಜೆಕ್ಟ್ ನನ್ನದು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. "ನಾನೂ ಕೈ ಜೋಡಿಸ್ತೀನಿ" ಅಂತ ಬಂದವರು ಎರಡೇ ದಿನಕ್ಕೆ ಮಾಯ. ಆಸಕ್ತಿ ಇಲ್ಲವೇನೋ ಅಂತ ಸುಮ್ನೆ ಇದ್ದೆ.

ಮೊನ್ನೆ ತಂಗಿಯ ವಿಂಡೋಸ್ ಲ್ಯಾಪ್‌ಟಾಪ್ ತಗೊಂಡು, ನಾನೇ ಬರೆದ ರೀಡ್‌ಮಿ (ಶುರುಮಾಡೋದು ಹೇಗೆ ಅನ್ನೋ ಟಿಪ್ಪಣಿ) ನೋಡಿಕೊಂಡು, ಹೊಸಬನ ಹಾಗೆ ಶುರುಮಾಡಿದೆ. ಮೊದಲ ಟೆಸ್ಟ್‌ಗೇ ಯೂನಿಕೋಡ್ ಡಿಕೋಡ್ ಎರರ್, ಅಂದರೆ ಫೈಲ್‌ನ ಅಕ್ಷರ ಓದೋಕಾಗಲಿಲ್ಲ ಅನ್ನೋ ದೂರು! ನನ್ನ ಲಿನಕ್ಸ್‌ನಲ್ಲಿ ಇದು ಒಮ್ಮೆಯೂ ಬಂದಿರಲಿಲ್ಲ.

ಪದಪಟ್ಟಿಯ ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ, ಅಂದರೆ ಸಂಖ್ಯೆಗಳಾಗಿ ಬರೆದಿಡುವ ರೀತಿ) ಯಾವುದು ಅಂತ ನಾನು ಹೇಳಿರಲಿಲ್ಲ. ಆಗ ಆ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ಇಂಗ್ಲಿಷ್‌ನಂಥ ಭಾಷೆಗಳಿಗೆ ಮಾಡಿದ ಹಳೆಯ ಅಕ್ಷರಪಟ್ಟಿ, 1252 ಕೋಡ್‌ಪೇಜ್ ಹಿಡಿದಿತ್ತು. ಒತ್ತಕ್ಷರಕ್ಕೆ ಬೇಕಾದ ನಮ್ಮ ‘್’ ಗುರುತು, ನನ್ನ ಫೈಲ್ ಇರುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಮೂರು ಬೈಟ್, ಕೊನೆಯದು 8ಡಿ. 1252ರಲ್ಲಿ ಆ ಜಾಗವೇ ಖಾಲಿ. ಹಾಗಾಗಿ ‘ಮನೆ’ ಓದಿದರೆ ಕಸದಂಥ ಅಕ್ಷರ ಬರುತ್ತದೆ, ‘ಅಕ್ಕ’ ಓದಿದರೆ ಪ್ರೋಗ್ರಾಮೇ ನಿಂತುಬಿಡುತ್ತದೆ. ಒತ್ತಕ್ಷರ ಇಲ್ಲದ ಕನ್ನಡ ಪದಪಟ್ಟಿ ಎಲ್ಲಿಂದ ತರೋದು ಹೇಳಿ!

ಫೈಲ್ ತೆರೆಯುವ ಕಡೆಯೆಲ್ಲ ಯುಟಿಎಫ್-8 ಅಂತ ಸೇರಿಸಿದೆ. 11 ಸಾಲು, ಅಷ್ಟೇ. ಕೋಡ್ ಇಟ್ಟಿರುವ ತಾಣ ಗಿಟ್‌ಹಬ್‌ನಲ್ಲಿ ತಾನಾಗಿ ಓಡುವ ಟೆಸ್ಟ್‌ಗಳಿಗೆ ವಿಂಡೋಸ್ ಕೂಡ ಹಾಕಿದೆ.

ಇನ್ನೊಂದು ತಪ್ಪೂ ನನ್ನದೇ. ಸಣ್ಣಪುಟ್ಟ ರಿಪೇರಿಯನ್ನೆಲ್ಲ ರಾತ್ರಿ ಕೂತು ನಾನೇ ಮುಗಿಸುತ್ತಿದ್ದೆ, ಬಂದವರಿಗೆ ಉಳಿಯುತ್ತಿದ್ದದ್ದು ಬೆಟ್ಟದಂಥ ಕೆಲಸ. ಈಗ ಸಣ್ಣ ಕೆಲಸಗಳಿಗೆ ‘ಗುಡ್ ಫಸ್ಟ್ ಇಶ್ಯೂ’ (ಹೊಸಬರು ಶುರುಮಾಡೋಕೆ ಸುಲಭ) ಅನ್ನೋ ಲೇಬಲ್ ಹಚ್ಚಿ, ಯಾವ ಫೈಲ್, ಯಾವ ಫಂಕ್ಷನ್ ಅಂತ ಬರೆದು ಬಿಟ್ಟುಬಿಡುತ್ತೇನೆ. ಕೈ ತಡೆದುಕೊಳ್ಳೋದೇ ಜಾಸ್ತಿ ಕಷ್ಟ, ಅಲ್ವಾ?

ಕಳೆದ ವಾರ ಒಬ್ಬರು, ಪಟ್ಟಿಯಲ್ಲಿ ಎರಡು ಸಲ ಇದ್ದ ‘ಅಕ್ಕಿ’ಯಲ್ಲಿ ಒಂದನ್ನು ತೆಗೆದು ಕಳಿಸಿದರು. ಅವರದೂ ವಿಂಡೋಸ್. ಅದೇ ಸಂಜೆ ಸೇರಿಸಿಕೊಂಡೆ.