ಚಾಕೊಲೇಟ್ ಹಾಕದ ಸ್ಟೌಟ್‌ನಲ್ಲಿ ಚಾಕೊಲೇಟ್ ರುಚಿ

ಸ್ಟೌಟ್ ಅಂದರೆ ಹುರಿದ ಕಾಳು ಹಾಕಿ ಮಾಡುವ ಕಪ್ಪು ಬಿಯರ್. ಚಾಕೊಲೇಟ್ ಸ್ಟೌಟ್ ಅಂದ ಕೂಡಲೇ ಬಿಯರ್‌ಗೆ ಚಾಕೊಲೇಟ್ ಕರಗಿಸಿ ಹಾಕಿರುತ್ತಾರೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಕೆಲವದಕ್ಕೆ ಹಾಕುತ್ತಾರೆ, ನಿಜ. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಬ್ರೂಕ್ಲಿನ್ ಬ್ಲ್ಯಾಕ್ ಚಾಕೊಲೇಟ್ ಸ್ಟೌಟ್‌ನಲ್ಲಿ ಚಾಕೊಲೇಟ್ ಒಂದು ಚೂರೂ ಇಲ್ಲ. 1994ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿಯ ಗ್ಯಾರೆಟ್ ಆಲಿವರ್ ರೂಪಿಸಿದ ಬಿಯರ್ ಅದು. ಆ ರುಚಿಯೆಲ್ಲ ಹುರಿದ ಮಾಲ್ಟ್‌ನದು, ಅಂದರೆ ಮೊಳಕೆ ಬರಿಸಿ ಹುರಿದ ಬಾರ್ಲಿಯದು.

ನಾನು ಪುತ್ತೂರಿನ ಕಡೆಯವನು. ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೊ 1986ರಲ್ಲಿ ಚಾಕೊಲೇಟ್ ಕಾರ್ಖಾನೆ ಶುರು ಮಾಡಿದ ಊರು. ಅಡಿಕೆ ತೋಟದ ನೆರಳಲ್ಲಿ ಕೊಕ್ಕೊ ಬೆಳೆಯುವವರಿಗೆ ಗೊತ್ತು, ಹಣ್ಣು ಒಡೆದರೆ ಒಳಗಿನ ಬಿಳಿ ತಿರುಳು ಹುಳಿಸಿಹಿ. ಚಾಕೊಲೇಟಿನ ಸುಳಿವೂ ಅಲ್ಲಿ ಸಿಗುವುದಿಲ್ಲ. ಬೀಜ ಹುದುಗು ಬಂದು, ಒಣಗಿ, ಹುರಿದ ಮೇಲೆಯೇ ಆ ಪರಿಮಳ. ಬಾರ್ಲಿಯಲ್ಲೂ ಹುರಿಯುವುದರದೇ ಮುಖ್ಯ ಪಾತ್ರ ಅಂತ ಅರ್ಥವಾದದ್ದು ನ್ಯೂಜೆರ್ಸಿಗೆ ಬಂದ ಮೇಲೆ.

ಇಲ್ಲಿ ಮನೆಯಲ್ಲೇ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿಗಳಿವೆ. ಅಲ್ಲಿಂದ ಮೂರು ಬಗೆಯ ಕಾಳು ತಂದು ಒಂದೊಂದಾಗಿ ಅಗಿದು ನೋಡಿದೆ. ಸಾದಾ ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅಗಿದಷ್ಟೂ ಸಿಹಿ. ಚಾಕೊಲೇಟ್ ಮಾಲ್ಟ್ ಅಂದರೆ ಅದನ್ನೇ ಚೆನ್ನಾಗಿ ಹುರಿದದ್ದು, ಚಾಕೊಲೇಟ್ ಬೆರೆಸಿದ್ದಲ್ಲ. ಕಡು ಕಂದು, ಹಲ್ಲಿಗೆ ಸಿಕ್ಕರೆ ಪಟ್ ಅಂತ ಒಡೆಯುತ್ತದೆ. ಮೊದಲು ಸ್ವಲ್ಪ ಸೀದ ರುಚಿ, ಹಿಂದೆಯೇ ಸಕ್ಕರೆ ಹಾಕದ ಕೊಕ್ಕೊ ಪುಡಿಯ ಕಹಿ. ಮೂರನೆಯದು ಮೊಳಕೆ ಬರಿಸದೆ ಹುರಿದ ಬಾರ್ಲಿ. ಅದರಲ್ಲಿ ಕಾಫಿಯ ವಾಸನೆ, ಕೊನೆಗೆ ನಾಲಗೆ ಒಣಗಿಸುವ ಒಗರು. ಐರ್ಲೆಂಡಿನ ಗಿನ್ನೆಸ್ ಸ್ಟೌಟ್‌ನ ಗುಣ ಬರುವುದು ಇದರಿಂದಲೇ. ಈ ಕಪ್ಪು ಕಾಳುಗಳನ್ನು ಹಾಕುವುದು ತುಂಬ ಕಡಿಮೆ. ಚಾಕೊಲೇಟ್ ಮಾಲ್ಟ್ ಸಾಮಾನ್ಯವಾಗಿ ಒಟ್ಟು ಕಾಳಿನ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ಅಷ್ಟರಲ್ಲೇ ಇಡೀ ಬಿಯರ್ ಕಪ್ಪಾಗುತ್ತದೆ!

ಆಮೇಲೆ ಬಿಯರ್‌ಗಳನ್ನು ಅಕ್ಕಪಕ್ಕ ಇಟ್ಟು ಕುಡಿದೆ. ಕಡಿಮೆ ಮದ್ಯಾಂಶದ್ದು ಮೊದಲು. ಶೇ. 4.2ರ ಗಿನ್ನೆಸ್, ಆಮೇಲೆ ಇಂಗ್ಲೆಂಡಿನ ಯಂಗ್ಸ್ ಡಬಲ್ ಚಾಕೊಲೇಟ್ ಸ್ಟೌಟ್, ಕೊನೆಗೆ ಶೇ. 10ರ ಬ್ರೂಕ್ಲಿನ್. ಉಲ್ಟಾ ಮಾಡಿದರೆ ಗಿನ್ನೆಸ್ ನೀರು ಕುಡಿದ ಹಾಗಾಗುತ್ತದೆ. ಬಾಯಿ ಕಿರಿದಾದ ವೈನ್ ಗ್ಲಾಸಿಗೆ ಸ್ವಲ್ಪವೇ ಸುರಿದುಕೊಂಡರೆ ಪರಿಮಳ ಗ್ಲಾಸಿನಲ್ಲೇ ನಿಲ್ಲುತ್ತದೆ. ನಡುನಡುವೆ ನೀರು, ಸಾದಾ ಬ್ರೆಡ್ ಸಾಕು. ಖಾರದ ಕಡಲೆಬೀಜ ಬೇಡವೇ ಬೇಡ. ಜೊತೆಗೆ ಮಿಲ್ಕ್ ಚಾಕೊಲೇಟ್ ತಿನ್ನುವುದೂ ನನಗೆ ಸರಿಬರಲಿಲ್ಲ. ಆ ಸಿಹಿಯ ಮುಂದೆ ಸ್ಟೌಟ್ ಬರೀ ಕಹಿಯಾಗುತ್ತದೆ.

ಯಂಗ್ಸ್‌ಗೆ ಚಾಕೊಲೇಟ್ ಮಾಲ್ಟ್ ಜೊತೆ ನಿಜವಾದ ಚಾಕೊಲೇಟನ್ನೂ ಹಾಕುತ್ತಾರೆ. ಮೂಗಿಗೆ ತಂದ ತಕ್ಷಣ ಗೊತ್ತಾಗುತ್ತದೆ. ಮೆತ್ತಗಿದೆ, ಯಾರಿಗಾದರೂ ಹಿಡಿಸುತ್ತದೆ. ಆದರೆ ಮೊದಲ ಗುಟುಕಲ್ಲಿ ಸಿಕ್ಕಿದ್ದೇ ಕೊನೆಯವರೆಗೂ ಸಿಗುವುದು.

ಬ್ರೂಕ್ಲಿನ್ ಹಾಗಲ್ಲ. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದರೆ ಸೀದ ಕಹಿ ಮತ್ತು ಮದ್ಯದ ಘಾಟು, ಅಷ್ಟೇ. ಅರ್ಧ ಗಂಟೆ ಸುಮ್ನೆ ಬಿಡಬೇಕು. 12-13 ಡಿಗ್ರಿಗೆ ಬಂದಾಗ ಮೊದಲು ಒಣದ್ರಾಕ್ಷಿ, ಆಮೇಲೆ ಕಡು ಚಾಕೊಲೇಟ್ ಒಂದೊಂದೇ ಮೇಲೆ ಬರುತ್ತದೆ. ನುಂಗಿದ ಮೇಲೂ ಬಾಯಲ್ಲಿ ತುಂಬ ಹೊತ್ತು ಇರುತ್ತದೆ. ತಣ್ಣಗಿದ್ದಷ್ಟೂ ಬಿಯರ್ ಚೆನ್ನ ಅನ್ನುವ ನಮ್ಮ ರೂಢಿಯನ್ನು ಸ್ಟೌಟ್ ಮಟ್ಟಿಗೆ ಬಿಟ್ಟುಬಿಡಬೇಕು. ಮದ್ಯಾಂಶ ಜಾಸ್ತಿ, ಹಾಗಾಗಿ ಒಂದು ಬಾಟಲಿ ಇಬ್ಬರಿಗೆ ಧಾರಾಳ.

ಹಾಲು ಒಗ್ಗದವರು ಮಿಲ್ಕ್ ಸ್ಟೌಟ್ ಬಗ್ಗೆ ಹುಷಾರಾಗಿರಿ. ಅದಕ್ಕೆ ಹಾಕುವ ಹಾಲಿನ ಸಕ್ಕರೆಯನ್ನು ಬಿಯರ್‌ನ ಈಸ್ಟ್ ಹುದುಗಿಸುವುದಿಲ್ಲ, ಅದು ಹಾಗೇ ಉಳಿಯುತ್ತದೆ.

ಅಲ್ಲೇ ಬಿಯರ್ ಮಾಡಿ ಕೊಡುವ ಬೆಂಗಳೂರಿನ ಬ್ರೂಪಬ್‌ಗಳಲ್ಲೂ ಕಪ್ಪು ಬಿಯರ್ ಸಿಗುತ್ತದೆ, ಅಲ್ವಾ? ಚಿಕ್ಕ ಗ್ಲಾಸಲ್ಲಿ ತರಿಸಿ, ಬೇರೆಯದು ಮುಗಿಯುವವರೆಗೆ ಪಕ್ಕಕ್ಕಿಡಿ. ಬಿಯರ್ ಮಾಡುವವರು ಅಲ್ಲೇ ಇದ್ದರೆ ಯಾವ ಕಪ್ಪು ಮಾಲ್ಟ್ ಹಾಕಿದ್ದೀರಿ ಅಂತ ಕೇಳಿ, ಆಗುವುದಾದರೆ ನಾಲ್ಕು ಕಾಳು ಅಗಿಯಲು ಕೊಡಿ ಅನ್ನಿ.