ಮಳೆಗಾಲದಲ್ಲಿ ಮಲಗಿದ ನನ್ನ ಹಳೆ ಲ್ಯಾಪ್‌ಟಾಪ್

ಕಾಳಿ ನದಿ ಸಮುದ್ರ ಸೇರುವ ಜಾಗ ಕಾರವಾರದ ಕೋಡಿಬಾಗದ ನಮ್ಮ ಮನೆಗೆ ಹತ್ತಿರ. ಜೂನ್ ಬಂತು ಅಂದ್ರೆ ಡಬ್ಬಿಯ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ, ತಿಕ್ಕಿಟ್ಟ ಹಿತ್ತಾಳೆ ದೀಪಕ್ಕೆ ವಾರದಲ್ಲೇ ಕಿಲುಬು. ಅಂಥ ಗಾಳಿಯಲ್ಲಿ ನನ್ನ 2013ರ ಲ್ಯಾಪ್‌ಟಾಪ್ ಮೂರು ವಾರ ಬ್ಯಾಗಿನಲ್ಲೇ ಇತ್ತು. ಟ್ಯೂಷನ್ನಿಗೆ ಬೇಕಾಯಿತೆಂದು ತೆಗೆದು ಬಟನ್ ಒತ್ತಿದೆ. ಒಂದು ದೀಪವೂ ಹತ್ತಲಿಲ್ಲ.

ಏಳು ವರ್ಷದಿಂದ ಬರೆದಿಟ್ಟ ಹತ್ತನೇ ತರಗತಿ ಗಣಿತದ ಪ್ರಶ್ನೆಪತ್ರಿಕೆಗಳೆಲ್ಲ ಅದರೊಳಗಿದ್ದವು. ಎದೆ ಧಸಕ್ಕೆಂದಿತು. ಹಾಗಾಗಿ ರಿಪೇರಿಗಿಂತ ಮೊದಲು ಬ್ಯಾಟರಿ ತೆಗೆದು, ಹಾರ್ಡ್ ಡಿಸ್ಕ್ ಬಿಚ್ಚಿದೆ. ಅದನ್ನು ಯುಎಸ್‌ಬಿ ಕೇಸಿಗೆ ಹಾಕಿ ಅಕ್ಕನ ಮಗನ ಕಂಪ್ಯೂಟರಿಗೆ ಚುಚ್ಚಿದೆ. ಫೈಲುಗಳೆಲ್ಲ ಇದ್ದವು! ನೀವೂ ಇದನ್ನೇ ಮೊದಲು ಮಾಡಿ. ಫೈಲು ಕೈಗೆ ಸಿಕ್ಕ ಮೇಲೆ ಅವಸರ ಇರುವುದಿಲ್ಲ, ಕೈ ನಡುಗುವುದಿಲ್ಲ.

ಆಮೇಲೆ ಕರೆಂಟಿನ ದಾರಿ ಹಿಡಿದೆ. ಪಕ್ಕದ ಮನೆಯ ಹುಡುಗ ವೈರಿಂಗ್ ಕೆಲಸ ಮಾಡುತ್ತಾನೆ. ವೋಲ್ಟ್ ಅಳೆಯುವ ಅವನ ಮಲ್ಟಿಮೀಟರ್ ಕೇಳಿದಾಗ, ‘ಅಕ್ಕೋರೆ, ಮೀಟರ್ ಹಿಡಿದುಕೊಂಡೇ ವೈರ್ ಅಲ್ಲಾಡಿಸಿ ನೋಡಿ’ ಅಂದ. ಆ ಮಾತು ದೊಡ್ಡ ಉಪಕಾರವಾಯಿತು. ಅಡಾಪ್ಟರ್ ಮೇಲೆ 19.5 ವೋಲ್ಟ್, 3.34 ಆಂಪಿಯರ್ ಎಂದಿತ್ತು. ಸುಮ್ನೆ ಹಿಡಿದರೆ ಮೀಟರಿನಲ್ಲಿ 19.4 ಬರುತ್ತಿತ್ತು. ಪಿನ್ನಿನ ಹತ್ತಿರ ವೈರ್ ಬಾಗಿಸಿದರೆ ಸೊನ್ನೆ. ಒಳಗೆ ತಂತಿ ತುಂಡಾಗಿತ್ತು. ಬೇರೆ ಅಡಾಪ್ಟರ್ ತರುವಾಗ ವೋಲ್ಟ್ ಅಷ್ಟೇ ಇರಬೇಕು, ಪಿನ್ನೂ ಅದೇ ಆಗಿರಬೇಕು. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಆಗಬಾರದು.

ಹೊಸ ಅಡಾಪ್ಟರ್ ಹಾಕುವ ಮೊದಲು ಪವರ್ ಬಟನ್ ಅನ್ನು 30 ಸೆಕೆಂಡು ಒತ್ತಿ ಹಿಡಿದೆ. ಒಳಗಿನ ಮುಖ್ಯ ಬೋರ್ಡಿನಲ್ಲಿ (ಮದರ್‌ಬೋರ್ಡ್) ಉಳಿದ ಚಾರ್ಜ್ ಹೋಗಲಿ ಅಂತ. ಕೆಲವು ಲ್ಯಾಪ್‌ಟಾಪುಗಳು ಇಷ್ಟಕ್ಕೇ ಏಳುತ್ತವೆ. ನನ್ನದರಲ್ಲಿ ದೀಪ ಹತ್ತಿತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಓರೆಯಾಗಿ ಟಾರ್ಚ್ ಬಿಟ್ಟು ನೋಡಿದೆ, ಪರದೆಯ ಹಿಂಬೆಳಕು ಮಾತ್ರ ಹೋಗಿದ್ದರೆ ಕಾಣುವ ಮಸುಕು ಚಿತ್ರವೂ ಇಲ್ಲ. ಟಿವಿಗೆ ಜೋಡಿಸಿದರೂ ಇಲ್ಲ. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪವೂ ಹತ್ತಲಿಲ್ಲ. ಅಂದರೆ ಬರೀ ಪರದೆಯ ತೊಂದರೆ ಅಲ್ಲ, ಮಷೀನೇ ಏಳುತ್ತಿಲ್ಲ.

ಪೇಟೆಯ ಒಂದು ಅಂಗಡಿಗೆ ಒಯ್ದೆ. ಹತ್ತು ನಿಮಿಷ ನೋಡಿ ‘ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ’ ಅಂದರು. ಒಳಗೆ ಬಿಚ್ಚಿಯೂ ನೋಡಲಿಲ್ಲ. ನನಗೆ ಬಹಳ ಬೇಜಾರಾಯಿತು. ಮದರ್‌ಬೋರ್ಡ್ ಅನ್ನುವುದು ಕೊನೆಗೆ ಬರಬೇಕಾದ ಮಾತು, ಅಲ್ವಾ?

ಮನೆಗೆ ಬಂದು ಹಿಂದಿನ ಮುಚ್ಚಳ ಬಿಚ್ಚಿದೆ. ಎರಡು ರ‍್ಯಾಮ್ ಇದ್ದವು, ಎರಡೂ ಡಿಡಿಆರ್3 ಬಗೆಯವು. ರ‍್ಯಾಮ್ ಅಂದರೆ ಕೆಲಸ ಮಾಡುವಾಗ ಮಾಹಿತಿ ಹಿಡಿದಿಡುವ ಮೆಮೊರಿ ಕಾರ್ಡು. ಅದರ ಅಂಚಿನಲ್ಲಿ 204 ಸಣ್ಣ ಪಟ್ಟಿಗಳಿರುತ್ತವೆ, ಮೇಲೆ ಚಿನ್ನದ ಲೇಪ. ಚಿನ್ನಕ್ಕೆ ತುಕ್ಕಿಲ್ಲ, ನಿಜ. ಆದರೆ ಲೇಪ ತೀರಾ ತೆಳು, ಮೇಲೆ ಕೊಳೆಯೂ ಕೂರುತ್ತದೆ. ಕಡಲ ಗಾಳಿಯ ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ. ಧೂಳು ಅದಕ್ಕೆ ಅಂಟುತ್ತದೆ. ಹೊಳೆಯಬೇಕಾದ ಪಟ್ಟಿಗಳು ಮಂಕಾಗಿದ್ದವು. ಅಲ್ಲಿ ಸಂಪರ್ಕ ಸಿಗದಿದ್ದರೆ ಮಷೀನ್ ಏಳುವುದಿಲ್ಲ. ದೀಪದ ಕಿಲುಬು ನೋಡಿ ಬೆಳೆದವಳಿಗೆ ಅದನ್ನು ಗುರುತಿಸಲು ಕಷ್ಟವೇನಿರಲಿಲ್ಲ.

ಆದರೆ ಇಲ್ಲಿ ಹುಣಸೆಹಣ್ಣಿನ ಕೆಲಸವಿಲ್ಲ, ಮರಳು ಕಾಗದವಂತೂ ಬೇಡವೇ ಬೇಡ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿದೆ. ರಬ್ಬರಿನ ಪುಡಿ ಒಂದೂ ಉಳಿಯದಂತೆ ಬ್ರಷ್‌ನಿಂದ ಗುಡಿಸಿದೆ. ಬೇಗ ಆರುವ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬ್ರಷ್ಷನ್ನು ರ‍್ಯಾಮ್ ಕೂರುವ ಸ್ಲಾಟಿನೊಳಗೆ ಆಡಿಸಿ, ಒಂದು ಗಂಟೆ ಒಣಗಲು ಬಿಟ್ಟೆ. ಆಮೇಲೆ ಒಂದೇ ರ‍್ಯಾಮ್ ಅನ್ನು ಓರೆಯಾಗಿ ತೂರಿಸಿ, ಎರಡೂ ಬದಿಯ ಕ್ಲಿಪ್ ಕಟ್ ಎನ್ನುವವರೆಗೆ ಒತ್ತಿದೆ. ಮುಚ್ಚಳ ಹಾಕಿ, ಬಟನ್ ಒತ್ತಿದೆ.

ಪರದೆ ಬೆಳಗಿತು. ತಾರೀಕು ಕೇಳಿತು! ಖುಷಿಗೆ ಕಣ್ಣಲ್ಲಿ ನೀರೇ ಬಂತು.

ತಾರೀಕು ಮರೆತಿದ್ದಕ್ಕೆ ಕಾರಣ ಬೋರ್ಡಿನ ನಾಣ್ಯದಂಥ ಬ್ಯಾಟರಿ, ಸಿಆರ್2032. ಮೂರು ವೋಲ್ಟ್ ಇರಬೇಕಾದದ್ದು 2.3ಕ್ಕೆ ಇಳಿದಿತ್ತು. ಅದನ್ನೂ ಬದಲಿಸಿದೆ. ಎರಡನೇ ರ‍್ಯಾಮ್ ಹಾಕಿದೆ, ಅದೂ ಸರಿ ಇತ್ತು. ಕೊನೆಗೆ ಹಾರ್ಡ್ ಡಿಸ್ಕ್ ವಾಪಸ್ ಕೂರಿಸಿದೆ.

ಒದ್ದೆಯಾದರೆ ಅಕ್ಕಿಯಲ್ಲಿ ಹೂತಿಡಿ ಎಂದು ಇಬ್ಬರು ಹೇಳಿದ್ದರು. ದಯವಿಟ್ಟು ಬೇಡ. ಅಕ್ಕಿಯ ಪುಡಿ ಪೋರ್ಟಿನೊಳಗೆ ಕೂರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ.

ಈಗ ಮಳೆಗಾಲದಲ್ಲಿ ಕೆಲಸ ಇರಲಿ, ಇಲ್ಲದಿರಲಿ, ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಅದನ್ನು ಓಡಿಸುತ್ತೇನೆ. ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ತಣ್ಣಗಾದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಇಡುತ್ತೇನೆ. ಡಬ್ಬ ಇರುವುದು ಕಿಟಕಿಯಿಂದ ದೂರ, ಸೀರೆ ಕಪಾಟಿನ ಮೇಲಿನ ಖಾನೆಯಲ್ಲಿ.